ಪರದೆಯ ಸಂದು

ನಿರ್ದೇಶಕರು ಹೇಳಿದ್ದರು: ಹೆದರಿಸಬೇಡ, ಕಾಯಿಸು.
ಹೆದರಿಸೋಕೆ ಒಂದು ತಮಟೆ ಸಾಕು.
ಕಾಯಿಸೋಕೆ ಏನೋ ಒಂದು ತಿನ್ನುತ್ತಿರಬೇಕು
ಒಳಗೊಳಗೇ, ಮುಗಿಯದ ಹಾಗೆ.

ತಿನ್ನುವುದು ಅಂದಕೂಡಲೇ ನೆನಪಾದದ್ದು
ಶಿಡ್ಲಘಟ್ಟದಾಚೆ ಮೇಲೂರಲ್ಲಿ
ಪಿಳ್ಳಕ್ಕನ ಹುಳುಮನೆ.

ಬಾಡಿಗೆಯ ರೆಕಾರ್ಡರು, ಎರಡು ಮೈಕು, ಉದ್ದನೆ ವೈರು.
ಚಪ್ಪಲಿ ಹೊರಗೆ ಬಿಡಿಸಿ, ಸುಣ್ಣದ ಪುಡಿ ತುಳಿಸಿ,
ಬೀಡಿ ಸೇದಿಲ್ಲ ತಾನೆ ಅಂತ ಬಾಯಿ ಮೂಸಿ
ಆಮೇಲೆ ಒಳಗೆ ಬಿಟ್ಟಳು.
ನಾಲ್ಕನೇ ಜ್ವರ ಎದ್ದು ಮೂರು ದಿನ.
ತಟ್ಟೆ ತಟ್ಟೆಯಲ್ಲೂ ಬೆರಳುದ್ದದ ಬಿಳಿ ಹಸಿವು.
ಸಂಜೆಯ ಸೊಪ್ಪು ಬಿತ್ತು, ಶುರುವಾಯಿತು.

ಮಳೆ ಬಂದ ಹಾಗೆ ಅಂತಾರೆ ಎಲ್ಲರೂ.
ಮಳೆಯಲ್ಲ. ಮಳೆಗೆ ಹಲ್ಲಿಲ್ಲ.

ಕೆಮ್ಮಬೇಡ ಎಂದು ನನಗೆ ಸನ್ನೆ ಮಾಡಿ
ತಾನೇ ಒಮ್ಮೆ ಕೆಮ್ಮಿದಳು.
ಅದನ್ನು ಕಳೆದು ಹದಿನೇಳು ನಿಮಿಷ ಸಿಕ್ಕಿತು.

ಸ್ಟುಡಿಯೋದಲ್ಲಿ ಅದನ್ನು ಅರ್ಧ ವೇಗಕ್ಕೆ ಎಳೆದೆ,
ಹಲ್ಲುಗಳು ದವಡೆಗಳಾದವು.
ಅಡಿಗೆ ಚೆಲ್ಲೋದ ಒಂದೇ ತಂತಿ,
ಕಮಾನು ಅದರಿಂದ ಏಳುವ ಹಾಗಿಲ್ಲ,
ಕೇಳಿದ್ದು ಕೇಳಿದವರಿಗೇ ಗೊತ್ತಾಗದಷ್ಟು ತಗ್ಗು.
ಎಲ್ಲದರ ಮೇಲೆ ಮೂಲ ಸದ್ದನ್ನೇ
ಹಸಿಯಾಗಿ ಹಾಗೇ ಬಿಟ್ಟೆ.
ದೀಪ ಹೋಗಿದೆ, ಹುಡುಗಿ ಮೆಟ್ಟಿಲಿಳಿಯುತ್ತಾಳೆ.
ಹನ್ನೊಂದನೇ ಮೆಟ್ಟಿಲಿಗೆ ಎಲ್ಲವನ್ನೂ ಕತ್ತರಿಸಿದೆ.
ಸದ್ದಿನಲ್ಲಿರುವುದಿಲ್ಲ ಭಯ,
ಸದ್ದು ಎದ್ದುಹೋದ ಜಾಗದಲ್ಲಿ ಬಂದು ಕೂರುತ್ತದೆ.

ನಿನ್ನ ಹುಳುಗಳ ಸಿನಿಮಾ, ಬಾರಕ್ಕ, ಅಂತ
ಪಿಳ್ಳಕ್ಕನನ್ನು ಟಾಕೀಸಿಗೆ ಕರೆದುಕೊಂಡು ಹೋದೆ, ಸೆಕೆಂಡ್ ಶೋ.
ಮುಂದಿನ ಸಾಲಲ್ಲಿ ನೂಲು ತೆಗೆಯುವ ಹುಡುಗರು,
ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಬೆರಳಲ್ಲಿ ಕಡಲೆಕಾಯಿ.

ಏಳನೇ ಮೆಟ್ಟಿಲು. ತಿನ್ನುವುದು ಶುರು.
ಕಡಲೆಕಾಯಿ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.
ಯಾರದೋ ಮಗು ತಾಯಿಯ ಸೆರಗೊಳಗೆ ಹೋಯಿತು.
ಪಿಳ್ಳಕ್ಕ ಮಾತ್ರ ಕಾಲು ಚಾಚಿ ಆರಾಮಾಗಿ
ಇನ್ನೊಂದು ಹೊರೆ ಸೊಪ್ಪು ಬೇಕು ಕಣೋ ಇವಕ್ಕೆ, ಅಂದಳು.

ಒಂಬತ್ತು.
ನೆಟ್ಟಗೆ ಕೂತಳು.
ಹುಡುಗಿಯನ್ನು ನೋಡುತ್ತಿಲ್ಲ, ಗಾಳಿಯನ್ನು ನೋಡುತ್ತಿದ್ದಾಳೆ,
ಗೋಡೆ, ಸೂರು, ನಮ್ಮ ತಲೆ ಮೇಲಿನ ಬೆಳಕಿನ ಕೋಲು.
ಹೊಡೆಯುವುದಕ್ಕೆ ಎತ್ತಿದ ಹಾಗೆ ಎದ್ದಿತ್ತು ಕೈ.
ಊಜಿ, ಅಂದಳು.

ಆಗ ಕೇಳಿಸಿತು.
ಐವತ್ತು ಸಲ ಕಿವಿ ಮುಚ್ಚಿಕೊಂಡು ಕೇಳಿದಾಗ ಕೇಳದ್ದು,
ಅಷ್ಟೂ ದವಡೆಗಳ ಹಿಂದೆ, ಎಡಮಗ್ಗುಲಲ್ಲಿ,
ಕೂದಲಷ್ಟು ತೆಳ್ಳಗೆ
ಒಂದೇ ಒಂದು ನೊಣ.

ಹನ್ನೊಂದು. ಕತ್ತರಿ.
ನಾನೂರು ಜನ ಉಸಿರು ಹಿಡಿದ ಆ ಮೌನದಲ್ಲಿ
ಪಿಳ್ಳಕ್ಕ ತಿಂಗಳುಗಳನ್ನು ಎಣಿಸುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು.
ಅದು ಶ್ರಾವಣದ ಬೆಳೆ.
ಹುಳುವಿನ ಮೈಮೇಲೆ ಕಪ್ಪು ಚುಕ್ಕೆ ಎದ್ದ ಬೆಳೆ,
ತೂತು ಬಿದ್ದ ಗೂಡಿಗೆ ಮಾರ್ಕೆಟ್ಟಲ್ಲಿ
ಯಾರೂ ಬೆಲೆ ಕೂಗದೆ ಮುಂದಕ್ಕೆ ಹೋದ ಬೆಳೆ,
ಪರದೆ ಸರಿಯಾಗಿ ಕಟ್ಟಲಿಲ್ಲ ಅಂತ
ಸೊಸೆ ಮುನಿಲಕ್ಷ್ಮಿಯನ್ನು ಎರಡು ತಿಂಗಳು
ಮಾತಾಡಿಸದೆ ಬಿಟ್ಟ ಬೆಳೆ.

ಚೂರಿ ಬಂತು. ಟಾಕೀಸು ಒಂದೇ ಬಾಯಾಗಿ ಕಿರುಚಿತು.
ಪಿಟೀಲುಗಳು ಗೋಡೆ ಹತ್ತಿದವು, ನಾನೇ ಹತ್ತಿಸಿದ್ದು.
ನಮ್ಮಿಬ್ಬರ ಕುರ್ಚಿಯಲ್ಲಿ ಮಾತ್ರ ಏನೂ ಅಲ್ಲಾಡಲಿಲ್ಲ.

ಬಾಗಿಲ ಸೊಳ್ಳೆಪರದೆಯ ಬುಡದಲ್ಲಿ
ವೈರು ನಲುಗದಿರಲಿ ಅಂತ
ಒಂದು ಇಟ್ಟಿಗೆ ಕೊಟ್ಟು ಎತ್ತಿದ್ದೆ.
ಹೆಬ್ಬೆರಳಷ್ಟು.

ಈ ಕಡೆ ತಿರುಗಿದಳು.
ಅರ್ಧ ಮುಖದ ಮೇಲೆ ಸಿನಿಮಾದ ಬೆಳಕು,
ಇನ್ನರ್ಧ ಕಾಣಲಿಲ್ಲ.
ವೈರು ಯಾವ ಕಡೆಯಿಂದ ಬಿಟ್ಟಿದ್ದೆಯೋ ಅವತ್ತು?

ಇಂಟರ್ವಲ್ಲಿಗೆ ಇನ್ನೂ ಆರು ನಿಮಿಷ.
ಆರು ನಿಮಿಷಕ್ಕೂ ನಾನು ಹಾಕಿದ್ದು
ಅದೇ ಸದ್ದು.